ಪಾರವ್ವನ ಮೈಮೇಲಿನ ಕೆಂಪು

ಗೋಕಾಕ
ತಾ. ೭ ಮಾರ್ಚ್ ೧೯೩೭

ಪ್ರಿಯ ಕೇದಾರಿ,

ಸಂಕ್ರಾಂತಿಗೆ ಬಂದ ನಿನ್ನ ಕಾರ್ಡಿಗೆ ಈಗ ಉತ್ತರ ಬರೆಯುತ್ತಿದ್ದೇನೆ, ಸಿಟ್ಟಾಗಬೇಡ. ಬರೆಯಲಿಲ್ಲ ಅಂತಲ್ಲ, ಬರೆದದ್ದನ್ನೆಲ್ಲ ಹರಿದು ಒಲೆಗೆ ಹಾಕುತ್ತಿದ್ದೆ. ಮುಂಬಯಿಯ ದವಾಖಾನೆಯಲ್ಲಿ ದಿನಾಲು ಹತ್ತಾರು ಜನರ ಮೈ ನೋಡಿ ನಿನಗೆ ರೂಢಿಯಾಗಿರಬೇಕು. ನನ್ನ ಗತಿ ನಿನಗೆ ಗೊತ್ತೇ ಇದೆ. ಬಿ.ಎ. ಮುಗಿಸಿ ಮಾಸ್ತರನಾದರೂ ಪಾಠದಲ್ಲಿ ಶೃಂಗಾರದ ಒಂದು ಸಾಲು ಬಂದರೆ ಕಿಟಕಿಯ ಕಡೆ ನೋಡುತ್ತ ಅರ್ಥ ಹೇಳುತ್ತೇನೆ. ಅಂಥವನು ಹೆಂಡತಿಯ ಮೈ ಬಗ್ಗೆ ಬರೆಯಬೇಕಾಗಿ ಬಂದಿದೆ. ಓದಿ ನಗಬೇಡ. ನಿನ್ನ ಕೋಣೆಯ ಗೆಳೆಯರ ಕೈಗೆ ಸಿಗುವಂತೆ ಇಡಲೂ ಬೇಡ.

ನಿಮ್ಮ ಅವ್ವ ಆರಾಮಾಗಿದ್ದಾರೆ. ಸಂತೆಯಲ್ಲಿ ಭೇಟಿಯಾದಾಗ, 'ನಮ್ಮ ಡಾಕ್ಟರ್ ರೊಟ್ಟಿ ಇಲ್ಲದ ಊರಾಗ ಏನ ತಿಂತಾನೋ' ಅಂದರು. ಇಲ್ಲಿ ಬಿಸಿಲು ಈಗಲೇ ಏರಿದೆ. ಧುಪದಾಳದ ಕಡೆ ಹೊಳೆ ಇಳಿದು ಬಂಡೆಗಳು ಎದ್ದು ಕಾಣುತ್ತಿವೆ.

ವಿಷಯಕ್ಕೆ ಬರುತ್ತೇನೆ. ನಮ್ಮ ಕೂಸು ಕಾರ್ತಿಕದಲ್ಲಿ ತೀರಿಹೋದದ್ದನ್ನು ನಿನಗೆ ಬರೆದಿದ್ದೆ. ಅದಾದ ಮೇಲೆ, ಸಂಕ್ರಾಂತಿಯ ಹೊತ್ತಿಗೆ, ಪಾರವ್ವನ ಎದೆಯ ನಡುವೆ, ಸ್ವಲ್ಪ ಎಡಕ್ಕೆ, ಒಂದು ಕೆಂಪು ಎದ್ದಿತು. ಮೊದಲು ಬೆವರುಗುಳ್ಳೆ ಅಂದುಕೊಂಡೆವು. ಆ ಚಳಿಯಲ್ಲಿ ಎಲ್ಲಿಯ ಬೆವರು? ಅಂಗೈಯಷ್ಟೂ ಇಲ್ಲ, ಆದರೆ ದಿನದಿನಕ್ಕೆ ಬಣ್ಣ ಗಾಢವಾಗುತ್ತಿದೆ. ಅಂಚಿನಲ್ಲಿ ಸಾಸಿವೆಯಷ್ಟು ನೀರುಗುಳ್ಳೆಗಳು. ಅವು ಒಡೆದು ರಸ ಸೋರಿ, ಒಣಗಿ, ಮತ್ತೆ ಏಳುತ್ತವೆ.

ನಮ್ಮ ಅವ್ವ ಬೇವಿನ ತಪ್ಪಲು ಕುದಿಸಿದ ನೀರು ಹಾಕಿದಳು. ಅರಿಷಿಣ ಹಚ್ಚಿದಳು. ಪ್ಯಾಟೆಯ ವೈದ್ಯರು ನೋಡದೆಯೇ, ಹೇಳಿದ್ದನ್ನಷ್ಟೇ ಕೇಳಿ, ಗಜಕರ್ಣ ಅಂದರು. ಗಂಧಕವನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಕೊಟ್ಟರು. ಅದನ್ನು ಹಚ್ಚಿದ ದಿನ ಪಾರವ್ವ ಅಡಿಗೆಮನೆಯ ಗೋಡೆಗೆ ಬೆನ್ನು ಕೊಟ್ಟು ಸೆರಗನ್ನು ಬಾಯಲ್ಲಿ ಕಚ್ಚಿಕೊಂಡು ನಿಂತಿದ್ದಳು. 'ಉರಿತೈತೇನು?' ಅಂತ ಕೇಳಿದೆ. 'ಇರ್ಲಿ ಬಿಡ್ರಿ' ಅಂದಳು. 'ಡಾಕ್ಟರಿಗೆ ತೋರಿಸೂಣು?' ಅಂದೆ. 'ಪರ ಗಂಡಸಗ ಎದಿ ತೋರಸಂತೀರೇನು? ಇರ್ಲಿ ಬಿಡ್ರಿ.' ಏನು ಕೇಳಿದರೂ ಇದೇ ಮಾತು. ತನ್ನ ಮೈಯದಲ್ಲ, ಯಾರದೋ ಮನೆಯ ಸೂರು ಸೋರುತ್ತಿದೆ ಅನ್ನುವ ಹಾಗೆ.

ಬಾಜೂ ಮನೆಯ ಮಾಯವ್ವ ಬಾವಿಕಟ್ಟೆಯಲ್ಲಿ ಅವ್ವನನ್ನು ಹಿಡಿದು ಕೇಳಿದಳಂತೆ: 'ಶಂಕ್ರವ್ವಾ, ನಿನ್ನ ಸೊಸಿ ಯಾಕ ಘಳಿಗಿಗೊಮ್ಮೆ ಕುಬಸಾ ಜಗ್ಗಿ ಜಗ್ಗಿ ಬಿಡತಾಳ? ಮೈಯಾಗಿಂದು ಏನರೆ ಮುಚ್ಚಿಟ್ಟು ಕೊಟ್ಟಾರೇನ ಹುಕ್ಕೇರಿಯವ್ರು?' ಅವ್ವ ಕೊಡ ಇಳಿಸಿದವಳೇ ಆ ರೋಗದ ಹೆಸರು ಎತ್ತಿದಳು. ಹೆಸರು ಅಂದರೆ ಹೆಸರೂ ಅಲ್ಲ, 'ದೊಡ್ಡ ಬ್ಯಾನಿ' ಅಂದಳು; ಕುಷ್ಠ ಅನ್ನುವ ಮಾತು ಅವಳ ಬಾಯಲ್ಲಿ ಬರುವುದಿಲ್ಲ. ಅವ್ವನನ್ನು ಬೈಯುವ ಮನಸ್ಸು ನನಗಿಲ್ಲ. ಅವಳು ಸಣ್ಣವಳಿದ್ದಾಗ ಅವಳ ಸೋದರಮಾವನಿಗೆ ಆ ರೋಗ ಬಂದು, ಹೊಲದ ಬದುವಿನ ಗುಡಿಸಲಿನಲ್ಲಿ ಇಟ್ಟಿದ್ದರಂತೆ. ಕಲ್ಲಿನ ಮೇಲೆ ರೊಟ್ಟಿ ಇಟ್ಟು ಹಿಂದೆ ನೋಡದೆ ಓಡಿಬರುವುದು ಇವಳ ಕೆಲಸವಾಗಿತ್ತು. ಅದನ್ನು ಹೇಳುವಾಗ ಈಗಲೂ ಅವಳು ಕೈಯನ್ನು ಸೀರೆಗೆ ಒರೆಸಿಕೊಳ್ಳುತ್ತಾಳೆ.

'ಉಗಾದಿ ಆದ ಮ್ಯಾಲ ಹುಕ್ಕೇರಿಗೆ ಕಳಸೂಣು. ತವರಮನ್ಯಾಗ ಇರ್ಲಿ. ಅರಾಮಾದ್ರ ನೋಡೂಣು' ಅನ್ನುತ್ತಾಳೆ. ಆ 'ನೋಡೂಣು' ಅಂದರೆ ಏನು ಅಂತ ನನಗೆ ಗೊತ್ತು. ಮೂಡಲಗಿಯ ನನ್ನ ಸೋದರಮಾವನ ಮಗಳು ಲಕ್ಕವ್ವನನ್ನು ಕೆಲಸಕ್ಕೆ ಕೈಯಾಗಲಿ ಅಂತ ಕರೆಸಿಕೊಂಡಿದ್ದಳು. ನನಗೆ ತಂಬಿಗೆ ನೀರು ಕೊಡಲು ಅವಳನ್ನೇ ಕಳಿಸುತ್ತಿದ್ದಳು. ಆ ಹುಡುಗಿ ನನಗಿಂತ ನಾಚಿಕೆಯವಳು. ತಂಬಿಗೆಯನ್ನು ಹೊಸ್ತಿಲ ಮೇಲೇ ಇಟ್ಟು ಓಡಿದಳು. ಪಾರವ್ವ ಅದನ್ನು ಎತ್ತಿ ತಂದು ನನ್ನ ಮುಂದೆ ಇಟ್ಟಳು.

ಉಗಾದಿಗೆ ಬಹಳ ದಿನ ಉಳಿದಿಲ್ಲ. ಇದು ಆ ರೋಗವೋ ಅಲ್ಲವೋ, ಅದೊಂದನ್ನು ಹೇಳು. ಅವಳು ಈ ಮನೆ ಬಿಟ್ಟು ಹೋದರೆ ತಿರುಗಿ ಬರುವುದಿಲ್ಲ.

ನಿನ್ನ ಗೆಳೆಯ,
ಶಿದ್ಲಿಂಗ

*

ಗೋಕಾಕ
ತಾ. ೨ ಏಪ್ರಿಲ್ ೧೯೩೭

ಪ್ರಿಯ ಕೇದಾರಿ,

ಪರೀಕ್ಷೆಯ ಓದಿನ ನಡುವೆ ಇಷ್ಟು ದೊಡ್ಡ ಕಾಗದ ಬರೆದೆಯಲ್ಲ, ನಿನಗೆ ಹೇಗೆ ಉಪಕಾರ ಹೇಳಲಿ. ಮನೆ ಮುಟ್ಟುವವರೆಗೆ ತಡೆಯಲಾಗದೆ ಪೋಸ್ಟಿನ ಎದುರಿನ ಬೇವಿನ ಗಿಡದ ಕೆಳಗೆ ನಿಂತೇ ಓದಿದೆ. ಕೂಡಲೇ ಉತ್ತರ ಬರೆಯಲಿಲ್ಲ. ನೀನು ಹೇಳಿದ್ದನ್ನೆಲ್ಲ ಮಾಡಿ ನೋಡಿಯೇ ಬರೆಯೋಣ ಅಂತ ಕಾದೆ.

'ಕೆಂಪು ಅನ್ನುವುದು ರೋಗದ ಹೆಸರಲ್ಲ, ಚರ್ಮಕ್ಕೆ ಏನೋ ಆಗಿಬಂದಿಲ್ಲ ಅನ್ನುವ ಸುದ್ದಿ ಅಷ್ಟೆ' ಅಂತ ಬರೆದಿದ್ದೀಯ. ಆ ಸಾಲನ್ನು ಹಿಡಿದುಕೊಂಡು ಒಂದೊಂದಾಗಿ ನೋಡಿದೆ. ತುರಿಕಜ್ಜಿಯಾದರೆ ಬೆರಳಸಂದಿಯಿಂದ ಶುರುವಾಗಿ ಮನೆಮಂದಿಗೆಲ್ಲ ಹತ್ತುತ್ತದೆ ಅಂದೆ. ಅವಳ ಬೆರಳು ಸ್ವಚ್ಛ, ನಮಗೂ ತುರಿಕೆಯಿಲ್ಲ. ಗಜಕರ್ಣ ಉಂಗುರದ ಹಾಗೆ ನಡುವೆ ತಿಳಿಯಾಗಿ ಅಂಚಿಗೆ ಹರಡುತ್ತದೆ ಅಂದೆ. ಇವಳದು ನಡುವೆಯೇ ಹೆಚ್ಚು ಕೆಂಪು. ಪಿತ್ತದ ಗಂಧೆಯಾದರೆ ಎದ್ದದ್ದು ಸಂಜೆಗೆ ಇಳಿಯಬೇಕು, ಇದು ತಿಂಗಳುಗಟ್ಟಲೆ ಅಲ್ಲೇ ಕೂತಿದೆ. ಸರ್ಪಸುತ್ತು ಒಂದು ಬದಿಗೆ ಪಟ್ಟಿಯಾಗಿ ಹೋಗುತ್ತದಂತೆ, ಅದೂ ಅಲ್ಲ. ಗಂಧಕದ ಎಣ್ಣೆ ಅದೇ ದಿನ ನಿಲ್ಲಿಸಿದೆ. ಹುಣ್ಣಾದ ಚರ್ಮಕ್ಕೆ ಗಂಧಕ ಅಂದರೆ ಗಾಯದ ಮೇಲೆ ಖಾರ ಅಂತ ನೀನು ಬರೆದದ್ದನ್ನು ಅವ್ವನಿಗೆ ಓದಿ ಹೇಳಿದೆ. 'ಹಂಗಾದ್ರ ವೈದ್ಯರಿಗೆ ಓದಾಕ ಬರೂದುಲ್ಲೇನ?' ಅಂದಳು.

ಇನ್ನು ಆ ದೊಡ್ಡ ಮಾತು. ಆ ರೋಗದ ಮಚ್ಚೆ ತುರಿಸುವುದಿಲ್ಲ, ಉರಿಯುವುದಿಲ್ಲ, ಮುಟ್ಟಿದರೆ ತಿಳಿಯುವುದೂ ಇಲ್ಲ. ಅರಳೆಯ ಎಳೆಯಿಂದ ಮುಟ್ಟಿ ಪರೀಕ್ಷೆ ಮಾಡು ಅಂತ ಬರೆದಿದ್ದೆಯಲ್ಲ. ಅವ್ವ ಸಂತೆಗೆ ಹೋದ ದಿನ ಮಧ್ಯಾಹ್ನ ಕಾಳಿನ ಕೋಣೆಯಲ್ಲಿ ಬಾಗಿಲು ಮುಂದೆ ಮಾಡಿಕೊಂಡೆವು. ಮೇಲಿನ ಬೆಳಕಿಂಡಿಯಿಂದ ಬಿಸಿಲು ಬೀಳುತ್ತಿತ್ತು. ದೀಪದ ಬತ್ತಿಗೆ ಇಟ್ಟಿದ್ದ ಅರಳೆಯಿಂದ ಒಂದು ಎಳೆ ಎಳೆದು ಹೊಸೆದೆ. ಅವಳು ಜ್ವಾಳದ ಚೀಲದ ಮೇಲೆ ಕೂತು ಕಣ್ಣು ಮುಚ್ಚಿದಳು. ಮಚ್ಚೆಯ ಅಂಚಿಗೆ ಮುಟ್ಟಿಸಿದೆ. 'ಇಲ್ಲಿ' ಅಂದಳು. ನಡುವೆ ಮುಟ್ಟಿಸಿದೆ. 'ಇಲ್ಲಿ.' ಮುಟ್ಟಿಸದೆ ಸುಮ್ಮನೆ ಇದ್ದೆ. 'ಈಗ ಮುಟ್ಟಿಲ್ಲ ನೀವು' ಅಂದಳು. ಮತ್ತೆ ಮುಟ್ಟಿಸಿದೆ. 'ಇಲ್ಲಿ… ಇಲ್ಲಿ… ಏನ ಆಟ ಹಚ್ಚೀರಿ, ಸಣ್ಣ ಹುಡುಗರಂಗ?' ಅಂದು ನಕ್ಕಳು ಕೇದಾರಿ. ಕೂಸು ಹೋದಾಗಿನಿಂದ ಆ ನಗೆ ಕೇಳಿರಲಿಲ್ಲ. ಅಷ್ಟರಲ್ಲಿ ಪಡಸಾಲೆಯಿಂದ ಅವ್ವನ ದನಿ: 'ಲೇ ಶಿದ್ಲಿಂಗಾ! ಹಗಲೊತ್ತಿನ್ಯಾಗ ಕಾಳಿನ ಖೋಲಿಗೆ ಬಾಗಲಾ ಯಾಕ ಹಾಕೀರೋ? ಇಲಿ ಹಿಡ್ಯಾಕತ್ತೀರೇನ?' ನಾನು ಅರಳೆ ಹಿಡಿದುಕೊಂಡೇ ಹೊರಗೆ ಬಂದೆ. ಮುಖ ಎಲ್ಲಿಡಬೇಕು ತಿಳಿಯಲಿಲ್ಲ. ನಡೆದದ್ದು ಹೇಳಿದೆ. 'ಅರಳಿ ಮುಟ್ಟಸಿದ್ರ ರೋಗಾ ಗೊತ್ತಾಗತೈತಿ? ನಿಮ್ಮ ಕೇದಾರಿ ಮುಂಬೈಕ ಡಾಕ್ಟರಕಿ ಕಲಿಯಾಕ ಹೋಗ್ಯಾನೋ, ಗಾದಿ ತುಂಬಾಕ ಹೋಗ್ಯಾನೋ?'

ನನ್ನ ಎದೆಯ ಮೇಲಿನ ಬಂಡೆ ಇಳಿದಿದೆ, ಅವ್ವನ ಎದೆಯದು ಇಳಿದಿಲ್ಲ. ಅವಳಿಗೆ ಕಣ್ಣಿಗೆ ಕಾಣುವ ಕೆಂಪು ಹೋಗಬೇಕು. ಅದು ಹೋಗುವುದಿರಲಿ, ಹೆಚ್ಚಾಗಿದೆ. ಶಿವರಾತ್ರಿಯಿಂದ ಅವ್ವ ಪಾರವ್ವನಿಗೆ ಒಂದು ನೇಮ ಹಿಡಿಸಿದ್ದಾಳೆ. ಬೆಳಗಾಗುತ್ತಲೇ ತಣ್ಣೀರು ಮಿಂದು, ಒದ್ದೆ ಸೀರೆಯಲ್ಲೇ ಲಿಂಗಪೂಜೆ ಮಾಡಿ, ಲಿಂಗವನ್ನು ಕುಬಸದ ಒಳಗೆ ಬರಿಯ ಮೈಗೆ ತಾಗುವಂತೆ ಇಟ್ಟುಕೊಳ್ಳಬೇಕು. ಮೊದಲು ಸಡಿಲಾಗಿ ಒಳಗೆ ಹೊರಗೆ ಆಡುತ್ತಿದ್ದದ್ದನ್ನು ಶಿವದಾರ ಗಿಡ್ಡ ಮಾಡಿ ಬಿಗಿದಿದ್ದಾಳೆ. 'ಲಿಂಗಪ್ಪನ್ನ ಮೈಗೆ ಹಚ್ಚಿಕೊಂಡಿದ್ರ ಅವನ ವಾಸಿ ಮಾಡ್ತಾನ.' ಪಾರವ್ವ ಒಂದು ದಿನವೂ ನೇಮ ತಪ್ಪಿಸಿಲ್ಲ. ಬಿಸಿಲು ಹೆಚ್ಚಾದ ಹಾಗೆ ಹುಣ್ಣೂ ಹೆಚ್ಚಾಗಿದೆ.

ಮೈಗೆ ತಾಗುವ ಯಾವುದೋ ವಸ್ತುವಿನಿಂದ ಹೀಗಾಗಿರಬಹುದು, ಎಲ್ಲವನ್ನೂ ಬರೆದು ಕಳಿಸು ಅಂದಿದ್ದೆ. ನಿಮ್ಮ ಪ್ರೊಫೆಸರರು ತೋರಿಸಿದ ಆ ಗುಮಾಸ್ತನ ಮಣಿಕಟ್ಟಿನ ಕೆಂಪು, ಅದು ಗಡಿಯಾರದ ಹಿಂಬದಿಯ ನಿಕಲ್ ಅನ್ನುವ ಲೋಹದಿಂದ ಆದದ್ದು ಅಂತ ಬರೆದಿದ್ದನ್ನು ಆಸಕ್ತಿಯಿಂದ ಓದಿದೆ. ಪಾರವ್ವನಿಗೆ ಗಡಿಯಾರ ಎಲ್ಲಿಯದು? ಬಳೆ ಗಾಜಿನವು. ತಾಳಿ ಬಂಗಾರ, ಕಾಲುಂಗುರ ಬೆಳ್ಳಿ. ಸೀರೆ ಇಳಕಲ್ಲಿನದು, ಬಿಡುವ ಬಣ್ಣವೆಲ್ಲ ಎಂದೋ ಬಿಟ್ಟುಹೋಗಿದೆ. ಖಣದ ಕುಬಸ ಬಿಡಿಸಿ ನನ್ನ ಹಳೆಯ ಧೋತರದ ಬಟ್ಟೆಯಲ್ಲಿ ಹೊಲಿದದ್ದು ಹಾಕಿಸಿದೆ. ಸಾಬೂನು ಬಿಟ್ಟು ಕಡಲೆಹಿಟ್ಟು. ಅರಿಷಿಣ ಬಂದ್. ಮೈಗೆ ತಾಗುವುದೆಲ್ಲ ಇಷ್ಟೇ, ಇನ್ನೇನೂ ಉಳಿದಿಲ್ಲ. ಆದರೂ ಇಳಿದಿಲ್ಲ.

ಮೊನ್ನೆ ಹುಕ್ಕೇರಿಯಿಂದ ಮಾವ ಮುರಿಗೆಪ್ಪನವರು ಬಂದಿದ್ದರು. ಅವ್ವನೇ ಹೇಳಿಕಳಿಸಿದ್ದಳು. ಕಟ್ಟೆಯ ತುದಿಯಲ್ಲಿ ಕೂತರು, ಒಳಗೆ ಬರ್ರಿ ಅಂದರೂ ಬರಲಿಲ್ಲ. 'ಅಳಿಯಂದ್ರ, ಮಗಳ್ನ ಕರಕೊಂಡ ಹೋಗೂದು ನನಗ ಭಾರಲ್ಲ. ಕಳಿಸಿದಾಕಿನ್ನ ತಿರಗಿ ಕರಕೊಂಡ ಬರ್ತೀರೇನು, ಅದನ್ನಷ್ಟ ನಿಮ್ಮ ಬಾಯಿಲೆ ಹೇಳ್ರಿ' ಅಂದರು. ಪಾರವ್ವ ಬಾಗಿಲ ಹಿಂದೆ ನಿಂತಿದ್ದಳು, ಬಳೆಯ ಸಪ್ಪಳ ಕೇಳುತ್ತಿತ್ತು. 'ಬರ್ತೇನ್ರಿ' ಅಂದೆ. ನನ್ನ ದನಿ ನನಗೇ ಕೇಳಲಿಲ್ಲ. 'ಏನಂದ್ರಿ?' ಅಂದರು. ನಾನು ಇನ್ನೊಮ್ಮೆ ಬಾಯಿ ತೆರೆಯುವಷ್ಟರಲ್ಲಿ ಅವ್ವ ಹೇಳಿಬಿಟ್ಟಳು: 'ಉಗಾದಿ ಆಗ್ಲಿ ತಗೋರಿ ಬೀಗ್ರ. ಗಾಡಿ ಹೂಡಕೊಂಡ ಬರ್ರಿ.'

ನಿನ್ನ ಪರೀಕ್ಷೆ ಚೆನ್ನಾಗಿ ಆಗಲಿ. ಎರಡು ಸಾಲಾದರೂ ಬರೆ.

ನಿನ್ನ,
ಶಿದ್ಲಿಂಗ

*

ಗೋಕಾಕ
ತಾ. ೧೬ ಮೇ ೧೯೩೭

ಪ್ರಿಯ ಕೇದಾರಿ,

ಒಂದು ಲೋಹದ ಬಗ್ಗೆ ಕೇಳಿ ಒಂದು ಕಾರ್ಡು, ನೀನು ಕಳಿಸಿದ ಮುಲಾಮಿನ ಡಬ್ಬಿ ಮುಟ್ಟಿತು ಅಂತ ಇನ್ನೊಂದು ಕಾರ್ಡು ಹಾಕಿದ್ದು ಬಿಟ್ಟರೆ ನಾನು ಏನೂ ಬರೆಯಲಿಲ್ಲ. ತಪ್ಪಾಯಿತು. ಈ ಸಲ ತಡವಾದದ್ದು ಒಳ್ಳೆಯದಕ್ಕೆ. ಪೂರ್ತಿ ಆಗಲಿ, ಆಮೇಲೆ ಹೇಳೋಣ ಅಂತ ಸುಮ್ಮನಿದ್ದೆ. ಈಗ ಎಲ್ಲ ಹೇಳುತ್ತೇನೆ.

ಉಗಾದಿಯ ಹಿಂದಿನ ದಿನ ಅವ್ವ ಹಿತ್ತಲಲ್ಲಿ ಹುಣಸೆಹಣ್ಣು, ಬೂದಿ ಇಟ್ಟುಕೊಂಡು ಮನೆಯ ತಾಮ್ರ ಬೆಳ್ಳಿಯನ್ನೆಲ್ಲ ತಿಕ್ಕಲು ಕೂತಳು. ದೀಪದ ಸಮೆ, ಆರತಿ, ಬಟ್ಟಲು ಆದಮೇಲೆ ನಮ್ಮ ಕೊರಳಲ್ಲಿ ಲಿಂಗ ಇಡುವ ಕರಡಿಗೆಗಳ ಸರದಿ. ಲಿಂಗ ಮೈಬಿಟ್ಟು ಇರಬಾರದಲ್ಲ, ಅದಕ್ಕೆ ನಾನು ಪಾರವ್ವ ಇಬ್ಬರೂ ಲಿಂಗವನ್ನು ಎಡ ಅಂಗೈಯಲ್ಲಿ ಹಿಡಿದು ಖಾಲಿ ಕರಡಿಗೆಗಳನ್ನು ಅವ್ವನ ಮುಂದಿಟ್ಟು, ಪರೀಕ್ಷೆಗೆ ಬಂದ ಹುಡುಗರ ಹಾಗೆ ಸಾಲಾಗಿ ಕೂತೆವು. ಅವ್ವ ತನ್ನದನ್ನು ತಿಕ್ಕಿದಳು, ನನ್ನದನ್ನು ತಿಕ್ಕಿದಳು. ಪಾರವ್ವನದನ್ನು ಕೈಗೆ ತೆಗೆದುಕೊಂಡು ಬಿಸಿಲಿಗೆ ಹಿಡಿದಳು. 'ನೋಡ ತಮ್ಮಾ, ನಂದು ನಿಂದು ಬೋಗುಣಿ ತಳದಂಗ ಕರ್ರಗಾಗಿದ್ವು. ಪಾರಿದು ನೋಡು, ಇಷ್ಟ ತಿಂಗಳಾದ್ರೂ ಕನ್ನಡಿ! ಹುಣಸಿಹಣ್ಣ ಬೇಕಾಗಿಲ್ಲ ಇದಕ್ಕ. ಘಟಪ್ರಭಾ ಸ್ಟೇಶನ್ನಿನ ಮುಂದ ನಾ ಚೌಕಾಶಿ ಮಾಡಿ ಮಾಡಿ, ಮಾರಾವ ಅಳಾಕ ಬಂದಿದ್ದ. ಅಗದೀ ಚೊಕ್ಕ ಬೆಳ್ಳಿ!'

ಈ ಕರಡಿಗೆಯ ಸಂಗತಿ ನಿನಗೆ ಬರೆದೇ ಇರಲಿಲ್ಲ. ಪಾರವ್ವನಿಗೆ ತವರಿನವರು ಕೊಟ್ಟಿದ್ದ ಬೆಳ್ಳಿಯದು ಬೇರೆ ಇತ್ತು. ಕೂಸನ್ನು ಮಣ್ಣಿಗೆ ಒಯ್ಯುವ ಮೊದಲು, ಅದರ ಪುಟ್ಟ ಲಿಂಗ ಬರೀ ದಾರದಲ್ಲಿ ಇದೆ ಅಂತ, ಅವಳು ತನ್ನ ಲಿಂಗವನ್ನು ಸೆರಗಿಗೆ ಕಟ್ಟಿಕೊಂಡು ತನ್ನ ಕರಡಿಗೆ ಬಿಚ್ಚಿ ಕೂಸಿನ ಲಿಂಗವನ್ನು ಅದರಲ್ಲಿಟ್ಟು ಅದರ ಎದೆಯ ಮೇಲೆ ಇಟ್ಟಳು. ಯಾರೂ ಬೇಡ ಅನ್ನಲಿಲ್ಲ. ತಿಂಗಳಾದ ಮೇಲೆ ಅವ್ವ ಸ್ಟೇಶನ್ನಿನ ಪ್ಯಾಟೆಯಲ್ಲಿ ಹೊಸದು ತಂದು ಕೊಟ್ಟಿದ್ದಳು. ಅದಾದ ಮೇಲೆಯೇ ಸಂಕ್ರಾಂತಿ, ಅದಾದ ಮೇಲೆಯೇ ಕೆಂಪು.

ಅವ್ವನ ಕೈಯಲ್ಲಿ ಹೊಳೆಯುತ್ತಿದ್ದುದನ್ನು ನೋಡುತ್ತ ಕೂತೆ. ದಿನಾಲು ನೀರು, ವಿಭೂತಿ, ಬೆವರು. ಇಷ್ಟಾದರೂ ಕಪ್ಪಾಗದ ಬೆಳ್ಳಿ ಯಾವುದು? ಎದ್ದು ಅದನ್ನು ಇಸಿದುಕೊಂಡೆ. ಮೇಲೆ ದುಂಡಗೆ, ಕೆಳಗೆ ಚೂಪಾದ ಆಕಾರ. ಪಾರವ್ವನ ಎದೆಯ ಮೇಲಿನದೂ ಅದೇ ಆಕಾರ. ನಾನು ಆ ಕೆಂಪನ್ನು ಎಷ್ಟು ಸಲ ನೋಡಿ, ಅಳತೆ ಮಾಡಿ, ನಿನಗೆ ವರ್ಣಿಸಿ ಬರೆದಿರಲಿಲ್ಲ! ನೀನು ಕೇಳಿದ ಪಟ್ಟಿಯಲ್ಲಿ ಸಾಬೂನಿನಿಂದ ಕಾಲುಂಗುರದವರೆಗೆ ಎಲ್ಲ ಬರೆದೆ, ಇದನ್ನು ಬರೆಯಲಿಲ್ಲ. ನೀನೂ ಇದನ್ನು ಕೇಳಲಿಲ್ಲ. ನನ್ನ ಕೊರಳಲ್ಲೂ ಇತ್ತು, ನಿನ್ನ ಕೊರಳಲ್ಲೂ ಇತ್ತು. ಕೈಕಾಲನ್ನು ಯಾರಾದರೂ ಮೈಗೆ ತಾಗುವ ವಸ್ತು ಅಂತ ಬರೆಯುತ್ತಾರೆಯೇ?

'ಅವ್ವಾ, ಇದು ಬೆಳ್ಳಿ ಅಲ್ಲ. ಇದರಿಂದನ ಪಾರವ್ವನ ಮೈ ಹಂಗಾಗೈತಿ' ಅಂದೆ.

ಅವ್ವ ಹುಣಸೆಹಣ್ಣಿನ ಕೈಯನ್ನು ಹಾಗೇ ಎತ್ತಿ ಹಿಡಿದಳು. 'ಅಂದ್ರ? ನನಗ ತಗಡ ಮಾರ್ಯಾನಂತೀ? ಇಷ್ಟ ವ್ಯವಹಾರ ಮಾಡೇನಿ, ಈ ಶಂಕ್ರವ್ವಗ ಒಬ್ಬ ಮೋಸಾ ಮಾಡಿಲ್ಲ ಇನ್ನೂ ತನಾ. ಲಿಂಗಪ್ಪನ್ನ ತಗಡಿನ್ಯಾಗ ಕುಂಡ್ರಿಸೇನಿ ಅಂತ ಹಬ್ಬದ ಬಾಯಿಗೆ ನನಗ ಹೇಳಾಕ ಬಂದಿ?' ಪಾರವ್ವ, 'ಬ್ಯಾಡ ಬಿಡ್ರಿ, ಅತ್ತಿಯಾರು ತಂದದ್ದು' ಅಂತ ಕರಡಿಗೆಗೆ ಕೈ ಚಾಚಿದಳು. ನಾನು ಕೊಡಲಿಲ್ಲ. ಚಪ್ಪಲಿ ಮೆಟ್ಟಿ ಪತ್ತಾರ ಲಕ್ಕಪ್ಪನ ಅಂಗಡಿಗೆ ಹೋದೆ. ಅವನು ಒರೆಗಲ್ಲಿಗೂ ಹಚ್ಚಲಿಲ್ಲ. ತೂಗಿ ನೋಡಿ, 'ಜರ್ಮನ್ ಸಿಲ್ವರ್ ಐತ್ರಿ ಮಾಸ್ತರ. ಹೆಸರಿನ್ಯಾಗಷ್ಟ ಸಿಲ್ವರು' ಅಂತ ನಕ್ಕ. ಅದರಲ್ಲಿ ತಾಮ್ರ, ಸತು, ನಿಕಲ್ ಬಿಟ್ಟರೆ ಬೇರೆ ಏನೂ ಇರುವುದಿಲ್ಲ ಅಂತ ಆಮೇಲೆ ನಾನು ಕೇಳಿದ್ದಕ್ಕೆ ನೀನು ಬರೆದ ಕಾರ್ಡಿನಿಂದ ತಿಳಿಯಿತು.

ಆದರೆ ಅವ್ವನಿಗೆ ಪತ್ತಾರನೂ ಸುಳ್ಳ, ನೀನೂ ಸುಳ್ಳ. ಬೆಳ್ಳಿಯದು ಮಾಡಿಸುವವರೆಗೆ ಬಟ್ಟೆಯಲ್ಲಿ ಕಟ್ಟಿಕೊಳ್ಳಲಿ ಅಂದರೆ, 'ಬಟ್ಟ್ಯಾಗ ಕಟ್ಟಿದ್ರ ಮಾಯವ್ವ ಏನಂತಾಳ? ದಿಕ್ಕಿಲ್ಲದ ಮನಿ ಅಂತಾಳ' ಅಂತ ಹಟ ಹಿಡಿದಳು. ಉಗಾದಿಯ ದಿನ ಮೂಡಲಗಿಯಿಂದ ನಮ್ಮ ಮನೆಯ ಅಯ್ಯನವರು ಪಾದಪೂಜೆಗೆ ಬಂದರು. ಅವರ ಎದುರು ನಾನು ಇಷ್ಟು ವರ್ಷ ನಮಸ್ಕಾರ ಬಿಟ್ಟು ಮಾತಾಡಿದವನಲ್ಲ. ಆ ದಿನ ಬಾಯಿಬಿಟ್ಟೆ. 'ಲಿಂಗಾ ಕರಡಿಗ್ಯಾಗನ ಇರಬೇಕೇನ್ರಿ ಅಜ್ಜಾರ?' ಅಂತ ಕೇಳಿದೆ. ದನಿ ಜೋರಾಗಿಯೇ ಬಂತು, ನನಗೇ ಗಾಬರಿಯಾಯಿತು. ಅಯ್ಯನವರು ಹೊದ್ದ ಶಾಲು ಸರಿಸಿದರು. ಎದೆಯ ಮೇಲೆ ಬಿಳಿ ಬಟ್ಟೆಯಲ್ಲಿ ಸುತ್ತಿ ಕಟ್ಟಿದ ಲಿಂಗ. 'ಶಂಕ್ರವ್ವಾ, ನಂದೂ ಬಟ್ಟ್ಯಾಗ ಐತಿ ನೋಡವಾ. ನಾನೂ ದಿಕ್ಕಿಲ್ಲದಾವೇನು?' ಅವ್ವ ನಾಲಿಗೆ ಕಚ್ಚಿಕೊಂಡು ಅವರ ಪಾದ ಹಿಡಿದಳು. ಅಯ್ಯನವರೇ ಒಂದು ಮೊಳ ಬಿಳಿ ಅರಿವೆ ತರಿಸಿ ಪಾರವ್ವನಿಗೆ ಕಟ್ಟುವ ಬಗೆ ತೋರಿಸಿದರು.

ಮರುದಿನ ಬಾವಿಕಟ್ಟೆಯಲ್ಲಿ ಅವ್ವ ಮಾಯವ್ವನಿಗೆ ಹೇಳುತ್ತಿದ್ದುದನ್ನು ನಾನೇ ಕೇಳಿದೆ: 'ನಮ್ಮ ಪಾರಿ ಅಯ್ಯಾರಂಗ ವಸ್ತ್ರದಾಗ ಲಿಂಗಾ ಕಟ್ಟೂ ನೇಮಾ ಹಿಡದಾಳವ್ವಾ. ಎಲ್ಲಾರಿಗೂ ಆಗೂದುಲ್ಲ ಅದು.' ಮಾಯವ್ವನ ಬಾಯಿ ಅಲ್ಲಿಗೆ ಕಟ್ಟಿತು.

ನೀನು ಬರೆದಂತೆ ತಣ್ಣೀರಲ್ಲಿ ಅದ್ದಿದ ಬಟ್ಟೆ ಇಟ್ಟು ಇಟ್ಟು ತೆಗೆದೆವು. ರಸ ಸೋರುವುದು ನಿಂತಮೇಲೆ ಸತುವಿನ ಬಿಳಿ ಮುಲಾಮು. ವಾರದಲ್ಲೇ ಹುಣ್ಣು ಒಣಗಿತು. ಆಮೇಲೆ ಸಿಪ್ಪೆಯಂತೆ ಸುಲಿಯಿತು. ಈಗ ಕಂದು ಗುರುತು ಉಳಿದಿದೆ. ತಿರುಗಿ ಆ ಲೋಹ ತಾಗಿದರೆ ತಿರುಗಿ ಏಳುತ್ತದೆ, ಜೀವನವಿಡೀ ಜೋಪಾನ ಅಂತ ನೀನು ಎಚ್ಚರಿಸಿದ್ದನ್ನು ಅವಳಿಗೆ ಹೇಳಿದ್ದೇನೆ. ಮಾವ ಗಾಡಿ ಹೂಡಿಕೊಂಡು ಬಂದರು, ಹೋಳಿಗೆ ಉಂಡು ಬರೀ ಗಾಡಿ ಹೊಡೆದುಕೊಂಡು ಹೋದರು. ಹೋಗುವಾಗ ಅವ್ವನಿಗೆ ಕೈಮುಗಿದರು. ಅವ್ವನೂ ಅವರಿಗೆ ಕೈಮುಗಿದಳು. 'ಸೊಸಿ ಸಣ್ಣಾಗ್ಯಾಳ, ಮಾವಿನಹಣ್ಣ ಕಳಸ್ರಿ' ಅಂದಳು. ಆ ಕರಡಿಗೆಯನ್ನು ಮಾತ್ರ ಒಗೆಯಗೊಡಲಿಲ್ಲ. ದೇವರ ಗೂಡಿನಲ್ಲಿ ಇಟ್ಟಿದ್ದಾಳೆ. ಮೋಸ ಹೋದೆ ಅಂತ ಇನ್ನೂ ಒಪ್ಪಿಲ್ಲ.

ಇಷ್ಟಾದರೂ ನನಗೆ ಯಾಕೋ ನೆಮ್ಮದಿಯಿಲ್ಲ. ಪಾಠ ಹೇಳುವಾಗ ನಡುವೆ ಮರೆತು ನಿಲ್ಲುತ್ತೇನೆ. ರೋಗ ಹೋದ ಮನೆಯಲ್ಲಿ ನಗೆ ಬರಬೇಕಿತ್ತು. ಪಾರವ್ವ ಮೊದಲಿಗಿಂತ ಹೆಚ್ಚು ಸುಮ್ಮನಾಗಿದ್ದಾಳೆ. ದಣಿವು ಇರಬೇಕು.

'ಅವನ ಕೈಗುಣಾ ಚಲೋ ಐತಿ, ಲಗೂನ ಲಗ್ನಾ ಆಗ್ಲಿ, ಮನಿ ತುಂಬ ಮಕ್ಕಳಾಗ್ಲಿ ಅಂತ ಬರಿ' ಅಂದಿದ್ದಾಳೆ ಅವ್ವ, ಬರೆದಿದ್ದೇನೆ. ನಿನಗೆ ಶಿವ ಒಳ್ಳೆಯದು ಮಾಡಲಿ. ಒಂದು ಮನೆ ಒಡೆಯುವುದನ್ನು ನೀನು ಅಷ್ಟು ದೂರದಿಂದ ನಿಲ್ಲಿಸಿದೆ.

ಎಂದಿಗೂ ನಿನ್ನವನೇ ಆದ,
ಶಿದ್ಲಿಂಗ

ತಾ.ಕ.: ಮೇಲಿನದನ್ನು ಮುಂಜಾನೆ ಬರೆದು ಮಡಚಿ ಇಟ್ಟಿದ್ದೆ. ಪೋಸ್ಟಿಗೆ ಹೊರಡುವ ಮೊದಲು ಮುಲಾಮಿನ ಡಬ್ಬಿ ತೀರಿತೋ ನೋಡಿ, ಬೇಕಿದ್ದರೆ ಇನ್ನೊಂದು ಕೇಳೋಣ ಅಂತ ಒಳಗೆ ಹೋದೆ. ಪಾರವ್ವ ಅಕ್ಕಿ ಆರಿಸುತ್ತ ಕೂತಿದ್ದಳು. ಕೊರಳ ಕೆಳಗೆ ಹೊಸ ಕೆಂಪು ಕಂಡಿತು. ದೇವರ ಗೂಡು ನೋಡಿದೆ, ಕರಡಿಗೆ ಇರಲಿಲ್ಲ. ಲಿಂಗ ಬಿಳಿ ಬಟ್ಟೆಯಲ್ಲೇ ಇತ್ತು. ಅದರ ಕೆಳಗೆ, ಕುಬಸದ ಒಳಗೆ, ಆ ಖಾಲಿ ಕರಡಿಗೆಯನ್ನು ಬೇರೆ ದಾರದಲ್ಲಿ ಬರೀ ಮೈಗೆ ಕಟ್ಟಿಕೊಂಡಿದ್ದಳು. ಯಾಕ ಅಂತ ಕೇಳಿದೆ. ಮೊರದ ಅಕ್ಕಿಯನ್ನು ಬೆರಳಿಂದ ಸರಿಸುತ್ತ ಹೇಳಿದಳು:

'ಇಷ್ಟ ದಿನಾ ಉರಿ ತಡಕೊಂಡಿದ್ದೆ ನಾ. ನನ್ನ ಕಡಿಂದ ಏನೋ ತಪ್ಪಾಗೈತಿ, ಅದಕ್ಕ ಕೂಸು ಹೋತು, ಅದಕ್ಕ ಲಿಂಗಪ್ಪ ಮೈ ಸುಡಾಕತ್ತಾನ, ಸುಟ್ಟು ಸುಟ್ಟು ಒಂದಿನಾ ತೀರತೈತಿ ಅಂತ. ನೀವು ಇದು ತಗಡಿಂದ ಆದದ್ದು ಅಂದ್ರಿ. ಖರೇನ ಇರಬೇಕು, ಮಾಯ್ತಲ್ಲ. ಹಂಗಾದ್ರ ಕೂಸು ಯಾತರಿಂದ ಹೋತ್ರಿ?'

ನೀನು ಬರೆದ ಕಾರಣಗಳಲ್ಲಿ ಇದು ಇರಲಿಲ್ಲ ಕೇದಾರಿ. ನಾನು ಓದಿದ್ದರಲ್ಲೂ ಇಲ್ಲ. ಕೊರಳಿಂದ ಅದನ್ನು ಬಿಚ್ಚಲು ನನಗೆ ಕೈ ಬರಲಿಲ್ಲ. ಅಯ್ಯನವರು ಕೊಟ್ಟ ಅರಿವೆಯಲ್ಲಿ ಉಳಿದಿದ್ದ ತುಂಡನ್ನು ನಾಲ್ಕು ಮಡಿಕೆ ಮಾಡಿ ಆ ಕರಡಿಗೆಗೂ ಅವಳ ಮೈಗೂ ನಡುವೆ ಇಟ್ಟೆ. ಅಷ್ಟಕ್ಕೆ ಅವಳು ಬೇಡ ಅನ್ನಲಿಲ್ಲ.